ಸಿಕ್ಕ ಮೂಳೆ ಕಂದು, ಸಿಗದ ಮೂಳೆ ಬಿಳಿ

ಆ ಹಕ್ಕಿಯದ್ದು ಸಿಕ್ಕಿದ್ದೇ ಸ್ವಲ್ಪ. ಎದೆಮೂಳೆಯ ಅರ್ಧ, ಕಾಲಿನ ಕೆಲವು ಮೂಳೆಗಳು, ಒಂದು ಉಗುರು, ರೆಕ್ಕೆಯ ಬುಡದ ತುಂಡು, ಕೊಕ್ಕಿನ ತುದಿ. ದೂರದ ಒಂದು ದ್ವೀಪದ ಸುಣ್ಣಗಲ್ಲಿನ ಗವಿಯಲ್ಲಿ ಕಲ್ಲಾಗಿ ಬಿದ್ದಿದ್ದ ಗಿಡುಗ ಅದು. ಆ ದ್ವೀಪ ಬಿಟ್ಟು ಬೇರೆಲ್ಲೂ ಇರಲಿಲ್ಲ. ಈಗ ಅಲ್ಲೂ ಇಲ್ಲ. ಮೊದಲು ಅಲ್ಲಿ ಕಾಲಿಟ್ಟ ನಾವಿಕರು ತೋಳು ಚಾಚಿದರೆ ಹಕ್ಕಿಗಳು ತಾವಾಗಿ ಬಂದು ಕೂರುತ್ತಿದ್ದವಂತೆ. ಮನುಷ್ಯನಿಗೆ ಹೆದರಬೇಕೆಂದು ಅವಕ್ಕೆ ಯಾರೂ ಹೇಳಿರಲಿಲ್ಲ.

ಆ ಮೂಳೆಗಳಿಂದ ಅಚ್ಚು ತೆಗೆದು ಎರಕ ಹೊಯ್ದ ಪ್ರತಿಗಳು ಹತ್ತಿಯಲ್ಲಿ ಸುತ್ತಿಕೊಂಡು ಚಿತ್ರದುರ್ಗದ ಒಂದು ಕಾಲೇಜಿಗೆ ಬಂದವು. ಇಡೀ ಅಸ್ಥಿಪಂಜರ ಕಟ್ಟಿಕೊಡಿ ಎಂದು ನನಗೆ ಒಪ್ಪಿಸಿದರು. ನಾನು ಚಿತ್ರಕಲೆಯ ಮೇಷ್ಟ್ರು. ರಜೆಯಲ್ಲಿ ಇಂಥ ಮಾದರಿಗಳನ್ನು ಮಾಡಿಕೊಡುವುದು ಅಭ್ಯಾಸ. ಈ ಕೆಲಸಕ್ಕೆ ಕೆಲವು ಕಟ್ಟಳೆಗಳಿವೆ. ಸಿಕ್ಕ ಮೂಳೆಗೆ ಕಂದು ಬಣ್ಣ ಬಳಿಯಬೇಕು. ಸಿಗದ್ದನ್ನು ಪ್ಲಾಸ್ಟರಿನಲ್ಲಿ ಮಾಡಿ ಬಿಳಿಯಾಗಿಯೇ ಬಿಡಬೇಕು. ಎಲ್ಲಿಯವರೆಗೆ ಹಕ್ಕಿ, ಎಲ್ಲಿಂದ ಊಹೆ ಎಂಬುದು ಬಾಗಿಲಲ್ಲಿ ನಿಂತವನಿಗೂ ಕಾಣಬೇಕು. ಸಿಗದ ಮೂಳೆಯ ಅಳತೆಯನ್ನು ಬದುಕಿರುವ ಹತ್ತಿರದ ಸಂಬಂಧಿಯಿಂದ ತೆಗೆದುಕೊಳ್ಳಬೇಕು. ಕಂದಿಗೂ ಬಿಳಿಗೂ ಕೂಡದೆ ಹೋದರೆ ಬಿಳಿಯನ್ನು ಕೆರೆಯಬೇಕು, ಕಂದನ್ನು ಮುಟ್ಟುವಂತಿಲ್ಲ.

ಈ ಬರಹದಲ್ಲೂ ಹಾಗೇ ಮಾಡಲು ನೋಡುತ್ತೇನೆ. ನನಗೆ ಖಾತ್ರಿ ಇಲ್ಲದ ಕಡೆ ಇದು ಬಿಳಿ ಎಂದು ಹೇಳಿಬಿಡುತ್ತೇನೆ. ಹೇಳದೇ ಬಿಟ್ಟದ್ದೆಲ್ಲ ಕಂದು ಎಂದು ಮಾತ್ರ ನಂಬಬೇಡಿ.

ನನ್ನ ಬಾಡಿಗೆ ಮನೆಯಲ್ಲಿ ಈ ಕೆಲಸಕ್ಕೆ ಜಾಗವಿರಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ನಮ್ಮ ದೊಡ್ಡಮ್ಮನ ಮನೆಯಿದೆ. ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಆಮೇಲೆ ಆಕೆ ಮನೆಯ ಮಗ್ಗುಲಲ್ಲೇ ಹಿಟ್ಟಿನ ಗಿರಣಿ ಹಾಕಿಕೊಂಡು, ಅದನ್ನು ಇವತ್ತಿಗೂ ತಾನೇ ನಡೆಸುತ್ತಾಳೆ. ಹುಬ್ಬಿಗೆ, ರೆಪ್ಪೆಗೆ, ಮೂಗಿನ ತುದಿಗೆ ಸದಾ ಜೋಳದ ಹಿಟ್ಟು. ಕರೆಂಟು ಹೋದಾಗ ಗಿರಣಿಯ ಕತ್ತಲಲ್ಲಿ ಆಕೆ ಸುಮ್ಮನೆ ನಿಂತರೆ, ಮೊದಲು ಮುಖವೊಂದೇ ಕಾಣುತ್ತದೆ; ಮೈ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಪಡಸಾಲೆಯಲ್ಲಿ ನಾನು ಹಲಗೆ ಹಾಕಿಕೊಂಡೆ. ಹತ್ತಿರದ ಸಂಬಂಧಿ ಬೇಕಿತ್ತು. ಊರಾಚೆಯ ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಅವುಗಳ ಅಲಗಿಗೆ ಸಿಕ್ಕು ಆಗೊಮ್ಮೆ ಈಗೊಮ್ಮೆ ಹಕ್ಕಿಗಳು ಬೀಳುತ್ತವೆ. ಅಲ್ಲಿನ ಕಾವಲುಗಾರ ಸತ್ತ ಗಿಡುಗವೊಂದನ್ನು ಗೋಣಿಚೀಲದಲ್ಲಿ ತಂದುಕೊಟ್ಟ. ಮಾಂಸ ಕಳೆಯಲಿ ಎಂದು ಅದನ್ನು ಮಡಕೆಯಲ್ಲಿಟ್ಟು, ಮಣ್ಣು ಸಗಣಿ ತುಂಬಿ, ಹಿತ್ತಲಿನಾಚೆ ಹೂತಿಟ್ಟೆ. ದೊಡ್ಡಮ್ಮ ಮೂಗಿಗೆ ಸೆರಗು ಹಿಡಿದು ನೋಡುತ್ತಿದ್ದಳು.

"ಲಿಂಗ ಕಟ್ಟಿದ ಮನೇಲಿ ಹದ್ದಿನ ಸಾರು ಮಾಡ್ತಾ ಅದಾನೆ ಅಂತ ಊರೆಲ್ಲ ಆಡ್ಕೊಂತೈತೆ ಕಣಲೇ."

"ಮೂಳೆ ಬೇಕಾಗೈತೆ ದೊಡ್ಡಮ್ಮ, ಅಷ್ಟೇ."

"ಹೂಳದೂ ನೀನೇ, ಅಗಿಯದೂ ನೀನೇ. ಒಳ್ಳೇ ಕೆಲ್ಸ. ಸ್ನಾನ ಮಾಡ್ಕಂಡು ಒಳಾಕೆ ಬಾ."

ಮೂಳೆ ಶುದ್ಧವಾದ ಮೇಲೆ ಒಂದೊಂದನ್ನೇ ಅಳೆದು, ದ್ವೀಪದ ಗಿಡುಗದ ಅಳತೆಗೆ ಹಿಗ್ಗಿಸಿ, ಪ್ಲಾಸ್ಟರಿನಲ್ಲಿ ಕೆತ್ತುತ್ತಾ ಹೋದೆ. ಮಧ್ಯಾಹ್ನ ಗಿರಣಿ ನಿಂತಾಗ ದೊಡ್ಡಮ್ಮ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಕಂದು ಯಾಕೆ, ಬಿಳಿ ಯಾಕೆ ಎಂದು ಕೇಳಿ ತಿಳಿದುಕೊಂಡಳು. ಕಟ್ಟಳೆಗಳನ್ನೆಲ್ಲ ಹೇಳಿದೆ. ನಾವಿಕರ ತೋಳಿನ ಕಥೆಯನ್ನೂ ಹೇಳಿದೆ. ಅದು ಆಕೆಗೆ ಹಿಡಿಸಲಿಲ್ಲ.

"ಕರೆದ್ರೆ ಬರಾ ಅಂಥವು ಉಳಿಯಲ್ಲ," ಅಂದಳು. ಆಮೇಲೆ, "ಇದನ್ನ ಹಾರಿಸ್ತೀಯಾ, ಕೂರಿಸ್ತೀಯಾ?"

"ರೆಕ್ಕೆ ಬಿಚ್ಚಿ ಹಾರಿಸಾಣ ಅಂತ."

"ಸತ್ತೋದದ್ದನ್ನ ಯಾರಾದ್ರೂ ಹಾರಿಸ್ತಾರೇನಲೇ? ಕೂರ್ಸು."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಂಡಿಯ ಒಂದು ಗೋಡೆಯಲ್ಲಿ ಗೂಡು ಕೊರೆದು ಅದರೊಳಗೆ ಕೂರಿಸುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರೆ ತುಂಬಿ ಮುಚ್ಚುತ್ತೇವೆ. ಇದನ್ನು ಚಿಕ್ಕಂದಿನಿಂದ ಕಂಡವರಿಗೆ, ನೆಲದ ಕೆಳಗೆ ಜನ ಕೂತಿದ್ದಾರೆ ಎಂಬುದು ವಿಶೇಷವಾದ ಯೋಚನೆಯಲ್ಲ. ಹೊಲದಲ್ಲಿ ನಡೆಯುವಾಗ ಅವರ ನೆತ್ತಿ ನಮ್ಮ ಪಾದಕ್ಕೆ ಎಷ್ಟು ಹತ್ತಿರವಿರಬಹುದು ಎಂದು ಹುಡುಗನಾಗಿದ್ದಾಗ ನಾನು ಅಂದಾಜು ಮಾಡುತ್ತಿದ್ದೆ.

ಗಿಡುಗವನ್ನು ಕೂರಿಸಿದೆ. ಕೂತ ಮೇಲೆ ಅದು ಕೋಣೆಯಲ್ಲಿ ಹೆಚ್ಚು ಜಾಗ ತೆಗೆದುಕೊಂಡ ಹಾಗನ್ನಿಸಿತು.

ಹೊತ್ತು ಇಳಿಯುವ ವೇಳೆಗೆ ಗುಡ್ಡದ ಮೇಲಿನ ಗಾಳಿಯಂತ್ರದ ಅಲಗಿನ ನೆರಳು ನಮ್ಮ ಪಡಸಾಲೆಯೊಳಗೆ ಹಾಯುತ್ತದೆ. ಕಿಟಕಿಯಲ್ಲಿ ಬಂದು, ನೆಲ ಸವರಿ, ಗೋಡೆ ಹತ್ತಿ ಹೋಗುತ್ತದೆ, ಮತ್ತೆ ಬರುತ್ತದೆ. ಒಂದಿಷ್ಟೂ ಸದ್ದಿಲ್ಲ. ಆ ಹೊತ್ತಿನಲ್ಲಿ ಊಟಕ್ಕೆ ಕೂತಿದ್ದರೆ ದೊಡ್ಡಮ್ಮ ಮಾತು ನಿಲ್ಲಿಸದೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ. ಒಂದು ಸಂಜೆ ನೆರಳು ಗಿಡುಗದ ಮೇಲೆ ಹಾದುಹೋಯಿತು. ಎದ್ದು ಹೊರಗೆ ಬಂದು ನೋಡಿದೆ. ಗುಡ್ಡದ ಮೇಲೆ ಯಾವ ಯಂತ್ರವೂ ತಿರುಗುತ್ತಿರಲಿಲ್ಲ. ಇದು ಬಿಳಿ. ಕೆರೆದು ತೆಗೆಯಲು ನೋಡಿದ್ದೇನೆ, ಬರುತ್ತಿಲ್ಲ.

ಅದೇ ದಿನಗಳಲ್ಲಿ ಕಾಲುವೆಯ ವಿಷಯ ಬಂತು. ಈ ಸೀಮೆಗೆ ನೀರು ತರುವ ಕಾಲುವೆ ನಮ್ಮ ಹೊಲದ ನಡುವೆ ಹಾಯುವುದೆಂದು ಗುರುತು ಹಾಕಿ ಹೋದರು. ದೊಡ್ಡಮ್ಮನಿಗೆ ಅದರಿಂದ ಬೇಸರವಾಗಲಿಲ್ಲ, ನೀರು ಯಾರಿಗೆ ಬೇಡ? ಆದರೆ ದೊಡ್ಡಪ್ಪನನ್ನು ಕೂರಿಸಿದ್ದು ಅದೇ ಹೊಲದಲ್ಲಿ. ಅವರ ಮಗ್ಗುಲ ಜಾಗ ತನ್ನದೆಂದು ಆಕೆ ಯಾವಾಗಲೋ ಗೊತ್ತುಮಾಡಿಕೊಂಡಿದ್ದಳು.

"ಇವ್ರನ್ನ ಎತ್ತಿ ಆಚೆ ಬದಿಗೆ ಕೂರ್ಸಿಬಿಡಾಣ," ಅಂದಳು. "ನಾನು ಹೋದಾಗ ಅವ್ರು ಎಲ್ಲವ್ರೆ ಅಂತ ಹುಡುಕ್ತಾ ಕುಂತ್ಕಳಕಾಗಲ್ಲ. ಈಗ್ಲೇ ಆಗ್ಲಿ."

ಹುಡುಕುವ ಪಾಡು ಅಲ್ಲಿಂದಲೇ ಶುರುವಾಯಿತು. ಸಮಾಧಿಗೆ ಕಲ್ಲು ಹಾಕಿರಲಿಲ್ಲ, ಗುರುತಿಗೊಂದು ಗಿಡ ನೆಟ್ಟಿದ್ದರು. ಈಗ ಗಿಡವಿಲ್ಲ, ಬದುಗಳೂ ಹಿಂದಿನ ಹಾಗಿಲ್ಲ. ಬೇವಿನ ಗಿಡ, ಬಾವಿಯ ಕಡೆಗೆ ಎಂದಳು ದೊಡ್ಡಮ್ಮ. ನಮ್ಮ ಚಿಕ್ಕಪ್ಪ, ಅಂದರೆ ದೊಡ್ಡಪ್ಪನ ಕಡೇ ತಮ್ಮ, ಅವತ್ತು ಗುಂಡಿ ತೋಡಿದವರಲ್ಲಿ ಒಬ್ಬ. ಆತ ಹೊಲದ ಇನ್ನೊಂದು ಮೂಲೆಗೆ ಹೋಗಿ ನಿಂತ.

"ಬೇವಲ್ಲ ಅತ್ತಿಗೆ, ಬನ್ನಿ ಗಿಡ. ನಾನೇ ತಂದು ನೆಟ್ಟಿದ್ದು."

"ನೀನು ನೆಟ್ಟ ಗಿಡ ಯಾವತ್ತು ಹತ್ತೈತಪ್ಪ? ಸುಮ್ನಿರು."

ನನಗೂ ಒಂದು ಜಾಗ ನೆನಪಿತ್ತು. ಲಕ್ಕಿ ಗಿಡದ ಬೇಲಿ, ಅದರ ಪಕ್ಕ ಗುಂಡಿ, ಹೂ ಕಟ್ಟಿದ ಕುರ್ಚಿಯಲ್ಲಿ ಕೂತು ಬರುತ್ತಿದ್ದ ದೊಡ್ಡಪ್ಪ. ಅವರ ಎಡಗೈ ಮೊಳಕೈಯ ಕೆಳಗೆ ಸೊಟ್ಟ. ಎತ್ತಿನಗಾಡಿಯಿಂದ ಬಿದ್ದು ಮುರಿದು, ಕಟ್ಟು ಕಟ್ಟಿಸಿದಾಗ ಹಾಗೇ ಕೂಡಿಕೊಂಡಿತ್ತು. ಆ ಕೈಯಲ್ಲಿ ಲಿಂಗ ನಿಲ್ಲದೆ ಜಾರುತ್ತಿತ್ತು, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಬಟ್ಟೆಯ ಪಟ್ಟಿ ಸುತ್ತಿ ಅಂಗೈಯನ್ನು ಮಟ್ಟ ಮಾಡಿದರು. ಇಷ್ಟು ಸ್ಪಷ್ಟವಾದ ನೆನಪು ನನ್ನಲ್ಲಿ ಇನ್ನೊಂದಿಲ್ಲ. ಆದರೆ ನಮ್ಮಮ್ಮ ಹೇಳುತ್ತಾಳೆ: ಆ ದಿನ ನೀನು ಜ್ವರ ಬಂದು ಹೊಸದುರ್ಗದ ಬಾಗೂರಿನಲ್ಲಿ ನನ್ನ ತವರಿನಲ್ಲಿದ್ದೆ, ಮಣ್ಣಿಗೆ ನಿನ್ನನ್ನು ಕರೆತರಲೇ ಇಲ್ಲ. ಚಿಕ್ಕಪ್ಪ ಹೇಳುತ್ತಾನೆ: ಸೊಟ್ಟಗಿದ್ದದ್ದು ಬಲಗೈ. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ದೊಡ್ಡಪ್ಪ ಶಾಲು ಹೊದ್ದಿದ್ದಾರೆ, ಎರಡು ಕೈಯೂ ಕಾಣುವುದಿಲ್ಲ.

ಮೂವರು ತೋರಿಸಿದ ಮೂರು ಕಡೆಯೂ ಅಗೆಸಿದೆವು. ಒಳ್ಳೆಯ ಬಿಸಿಲು. ಕೆಂಪುಮಣ್ಣು ಮುಗಿದು ಸುಣ್ಣಗಲ್ಲಿನ ಪದರ ಬಂತು. ಮೂಳೆಯಿಲ್ಲ. ಮೂಳೆ ಮಣ್ಣಾಗಿರಬಹುದು ಎನ್ನೋಣ, ಲಿಂಗ ಕಲ್ಲಿನದು, ಅದಾದರೂ ಇರಬೇಕಿತ್ತು. ಅದೂ ಇಲ್ಲ. ದೊಡ್ಡಮ್ಮ ಕಡೆಯ ಗುಂಡಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದಳು.

"ಎದ್ದು ಎಲ್ಲಿಗೆ ಹೋದ್ರು?" ಅಂದಳು. ತಮಾಷೆಗಲ್ಲ. ಗಿರಣಿಗೆ ಬಂದವರನ್ನು ಯಾವ ಊರು ಎಂದು ಕೇಳುವ ಧಾಟಿಯಲ್ಲೇ ಕೇಳಿದಳು.

ಮನೆಗೆ ಬಂದ ಮೇಲೆ ಗಿರಣಿ ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ಜನ ಜೋಳದ ಚೀಲ ಇಟ್ಟುಕೊಂಡು ಬಾಗಿಲಲ್ಲಿ ಕಾದು ಹೋದರು. ಆಕೆ ಗಿಡುಗದ ಎದುರು ಕೂತು, ಕಂದು ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ನೋಡುತ್ತಿದ್ದಳು. ಕಂದಿಗಿಂತ ಬಿಳಿಯೇ ಜಾಸ್ತಿ. ಇಡೀ ತಲೆ ಬಿಳಿ, ಕೊಕ್ಕಿನ ತುದಿಯೊಂದು ಬಿಟ್ಟು.

"ಇಷ್ಟು ಇಲ್ದಿದ್ರೂ ಇದು ಹಕ್ಕೀನೇ ತಾನೆ?"

"ಹೂಂ."

"ಇದರ ರೆಕ್ಕೆ, ಗುಡ್ಡದ ಮ್ಯಾಲೆ ಸತ್ತು ಬಿತ್ತಲ್ಲ, ಅದ್ರುದ್ದು."

"ಅದರ ಅಳತೆ. ಹತ್ತಿರದ ಸಂಬಂಧಿ ಅಂತ."

ಆಕೆ ನನ್ನ ಎಡಗೈ ಹಿಡಿದಳು. ಮಣಿಕಟ್ಟಿನಿಂದ ಮೊಳಕೈವರೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು. ಚರ್ಮ, ಮಾಂಸ ಏನೂ ಅಡ್ಡ ಇಲ್ಲದ ಹಾಗೆ ಒಳಗಿನ ಮೂಳೆಯನ್ನೇ ಹುಡುಕುವ ಒತ್ತು.

"ನಿಂಗೆ ಅವ್ರದೇ ಕೈ," ಅಂದಳು. "ಅವ್ರ ತಮ್ಮನ ಮಗ. ಮಕ್ಕಳಿಲ್ಲ ನಮ್ಗೆ, ತಮ್ಮಂದಿರಿಗೂ ಈ ಕೈ ಬರ್ಲಿಲ್ಲ. ಇನ್ನೂ ಹತ್ರದ ಸಂಬಂಧ ಯಾರವ್ರೆ? ಒಂದು ಕೈ ಮಾಡಿಕೊಡು ನಂಗೆ. ಪೂರ್ತಿ ಮನುಷ್ಯ ಬ್ಯಾಡ. ಲಿಂಗ ಇಡಾಕೆ ಒಂದು ಎಡಗೈ ಇದ್ರೆ ಸಾಕು, ಉಳಿದಿದ್ದು ಅವ್ರೇ ನೋಡ್ಕಂತಾರೆ."

"ದೊಡ್ಡಮ್ಮ, ಅದು ಸುಳ್ಳು ಕೈ ಆಗುತ್ತಲ್ಲ."

"ಬಿಳೀದೇ ಮಾಡು ಅಂತಿದೀನಲ್ಲಪ್ಪ. ಕಂದು ಬಳಿ ಅಂದ್ನಾ?"

ಕಟ್ಟಳೆಯನ್ನು ಕಲಿಸಿಕೊಟ್ಟವನೇ ನಾನು.

ಪ್ಲಾಸ್ಟರು ಬೇಡ ಎಂದಳು, ಅದು ಆಸ್ಪತ್ರೆಯ ಹಿಟ್ಟು. ದೇವರ ಕೋಣೆಯಿಂದ ವಿಭೂತಿ ಗಟ್ಟಿಗಳನ್ನು ತಂದು, ಕುಟ್ಟಿ, ಗಿರಣಿಯ ಜರಡಿಯಲ್ಲಿ ಜರಡಿ ಹಿಡಿದಳು. ಜಾಲಿಮರದ ಅಂಟನ್ನು ನೆನೆಹಾಕಿ ಕಲಸಿದೆವು. ನಾನು ಬಲಗೈಯಲ್ಲಿ ಎಡಗೈಯನ್ನು ಅಳೆಯುತ್ತಾ ಮುಂಗೈಯ ಎರಡು ಮೂಳೆಗಳನ್ನು ತಿದ್ದಿದೆ. ಅಂಗೈಯ ಸಣ್ಣ ಮೂಳೆಗಳನ್ನು ಬಿಡಿಬಿಡಿಯಾಗಿ ಮಾಡಲು ಹೋಗದೆ ಒಂದೇ ತಟ್ಟೆಯ ಹಾಗೆ ಮಾಡಿದೆ. ಹಸಿಯಿರುವಾಗಲೇ ದೊಡ್ಡಮ್ಮ ಬಗ್ಗಿ, ಮುಂಗೈಯ ನಡುವೆ ಹೆಬ್ಬೆರಳಿಟ್ಟು ಒತ್ತಿದಳು. ಮೂಳೆ ಸೊಟ್ಟಗಾಯಿತು. ಒತ್ತಿದ ಕಡೆ ಆಕೆಯ ಬೆರಳಿನ ಗೆರೆಗಳು ಉಳಿದವು.

"ಹಾಂ. ಈಗ ಅವ್ರೇ."

ಒಣಗಲು ಅದನ್ನು ಹಲಗೆಯ ಮೇಲಿಟ್ಟೆ. ಪಕ್ಕದಲ್ಲಿ ಗಿಡುಗ ಕೂತಿತ್ತು. ಬೆಳಗ್ಗೆ ನೋಡಿದಾಗ ಅದರ ಕಾಲು ಆ ಕೈಯ ಕಡೆಗೆ ಇನ್ನಷ್ಟು ಹತ್ತಿರ ಬಂದಿತ್ತು. ಹಲಗೆ ಓರೆಯಾಗಿದೆ, ಗಿರಣಿ ತಿರುಗಿದರೆ ಇಡೀ ಮನೆ ನಡುಗುತ್ತದೆ, ವಸ್ತುಗಳು ಜಾರುತ್ತವೆ. ಆ ದಿನಗಳಲ್ಲಿ ಗಿರಣಿ ಹಾಕಲಿಲ್ಲ ಎಂದು ಮೇಲೆ ಬರೆದದ್ದೂ ನಾನೇ. ಎರಡರಲ್ಲಿ ಒಂದು ಬಿಳಿ ಇರಬೇಕು.

ಕಾಲುವೆಯ ಗುರುತಿನಾಚೆ, ಹೊಲದ ಎತ್ತರದ ಬದಿಯಲ್ಲಿ ಹೊಸ ಗುಂಡಿ ತೋಡಿ ಗೂಡು ಕೊರೆಸಿದೆವು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಏನೆನ್ನುತ್ತಾರೋ ಎಂದು ನನಗೆ ಅಳುಕಿತ್ತು. ಅವರು ಕೈಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ.

"ವಿಭೂತಿ ತಾನೆ?"

"ಹೂಂ ಬುದ್ಧಿ, ಅಂಟು ಸ್ವಲ್ಪ ಸೇರೈತೆ," ಅಂದಳು ದೊಡ್ಡಮ್ಮ.

"ಹೆಂಗಿದ್ರೂ ಗೂಡು ತುಂಬಾ ಅದನ್ನೇ ತುಂಬೋದು. ಆಕಾರ ಯಾವ್ದಾದ್ರೇನು ತಾಯಿ, ಬರ್ರಿ."

ಬಿಳಿ ಅಂಗೈಯ ಮೇಲೆ ಹೊಸ ಲಿಂಗವೊಂದನ್ನು ಇಟ್ಟರು. ಸೊಟ್ಟ ಕೈ, ಲಿಂಗ ಜಾರಿತು. ಅಯ್ಯನವರು ಬಟ್ಟೆಯ ಪಟ್ಟಿಯೊಂದನ್ನು ಕೇಳಿ, ಸುತ್ತಿ, ಮಟ್ಟ ಮಾಡಿದರು. ನಾನು ಇದನ್ನು ಮೊದಲು ಕಂಡಿದ್ದೆ. ಅಥವಾ ನನ್ನ ಆ ಹಳೆಯ ನೆನಪು ಈ ಮಧ್ಯಾಹ್ನದಿಂದಲೇ ಹಿಂದಕ್ಕೆ ಹೋಗಿ ಕೂತುಕೊಂಡಿತೋ, ಹೇಳಲಾರೆ. ಮಣ್ಣು ಎಳೆಯುವಾಗ ನನ್ನ ಎಡಗೈ ಜೋಮು ಹಿಡಿಯಿತು. ಅಲ್ಲಿ ಕೆಳಗಿದ್ದದ್ದು ನನ್ನ ಕೈಯ ಅಳತೆ.

ದೊಡ್ಡಮ್ಮ ಸಂಜೆಗೆ ಗಿರಣಿ ಹಾಕಿದಳು. ನಾನು ಗಿಡುಗವನ್ನು ಹತ್ತಿಯಲ್ಲಿ ಸುತ್ತಿ ಕಾಲೇಜಿಗೆ ಮುಟ್ಟಿಸಿ ಬಂದೆ. ಅಲ್ಲಿಗೆ ಮುಗಿಯಿತೆಂದುಕೊಂಡೆವು.

ಕಾಲುವೆ ಅಗೆಯಲು ಜೆಸಿಬಿ ಬಂದ ದಿನ ನಾನು ಬಿ.ದುರ್ಗದಲ್ಲೇ ಇದ್ದೆ; ಚಿಕ್ಕಪ್ಪ ಓಡುತ್ತಾ ಬಂದು ಬಾಗಿಲಲ್ಲಿ ನಿಂತ. ಅಂಗೈಯನ್ನು ನೆಲಕ್ಕೆ ಇಳಿಸಿ, ಕೂತಿದ್ದಾರೆ ಎಂಬ ಸನ್ನೆ ಮಾಡಿದ.

ನಾವು ಹೋದಾಗ ಯಂತ್ರ ನಿಂತಿತ್ತು. ಅದು ಕಡಿದ ಮಣ್ಣಿನ ಗೋಡೆಯಲ್ಲಿ, ಗೋಡೆಬೀರುವಿನ ಕದ ತೆಗೆದ ಹಾಗೆ, ಒಂದು ಗೂಡು ಅರ್ಧ ತೆರೆದುಕೊಂಡಿತ್ತು. ಒಳಗೆ ಒಬ್ಬರು ಕೂತಿದ್ದರು. ತುಂಬಿದ್ದ ವಿಭೂತಿ ಗಟ್ಟಿಯಾಗಿ ಮೂಳೆಗಳನ್ನು ಇದ್ದ ಹಾಗೇ ಹಿಡಿದಿಟ್ಟಿತ್ತು. ಬಿಳಿಯ ನಡುವೆ ಕಂದು. ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು, ಅಂಗೈಯಲ್ಲಿರುವುದನ್ನು ನೋಡುವ ಹಾಗೆ. ಅಲ್ಲಿ ಲಿಂಗವಿತ್ತು. ಜಾಗ ನಾವು ಮೂವರು ತೋರಿಸಿದ ಯಾವ ಜಾಗವೂ ಅಲ್ಲ.

ಜೆಸಿಬಿಯವನು ಕೆಳಗಿಳಿದು ದೂರ ನಿಂತಿದ್ದ. "ಯಾರ್ದು ಸಾರ್ ಇದು? ನಮ್ಮೋರು ಅಂತ ಯಾರಾದ್ರೂ ಹೂಂ ಅನ್ರಿ. ಇಲ್ಲಾಂದ್ರೆ ನಾನು ಗಾಡಿ ಹತ್ತಲ್ಲ."

"ಅಣ್ಣ," ಅಂದ ಚಿಕ್ಕಪ್ಪ. "ಅಣ್ಣನೇ ಅತ್ತಿಗೆ."

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಎಡಗೈ ಪೂರ್ತಿ ಇತ್ತು. ಅದರ ಎರಡು ಮೂಳೆಗಳೂ ನೇರವಾಗಿದ್ದವು, ಮುರಿದು ಕೂಡಿದ ಗುರುತಿಲ್ಲ. ಬಲಗೈ ಇರಬೇಕಾದ ಕಡೆಯನ್ನು ಯಂತ್ರ ಆಗಲೇ ಕಿತ್ತು ಮಣ್ಣಿನ ಗುಡ್ಡೆಗೆ ಹಾಕಿತ್ತು.

"ಸೊಟ್ಟಗಿದ್ದಿದ್ದು ಬಲಗೈ ಅಂತ ನಾನು ಮೊದ್ಲಿಂದ ಬಡ್ಕಂತಿದೀನಿ," ಅಂದ ಚಿಕ್ಕಪ್ಪ.

ಆಕೆ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ಬಾ ಇಲ್ಲಿ. ಕೈ ಚಾಚು," ಅಂದಳು.

ಮೊಣಕಾಲೂರಿ ಎಡಗೈಯನ್ನು ಆ ಕೈಯ ಪಕ್ಕಕ್ಕೆ ಹಿಡಿದೆ. ಗೂಡಿನೊಳಗೆ ತಂಪಿತ್ತು. ಮೊಳಕೈಗೆ ಮೊಳಕೈ ಸರಿಯಿಟ್ಟರೆ ನನ್ನ ಮಣಿಕಟ್ಟು ಒಂದು ಬೆರಳಿನಷ್ಟು ಮುಂದಿತ್ತು. ದೊಡ್ಡಮ್ಮ ಎರಡನ್ನೂ ನೋಡಿದಳು.

"ಇವ್ರಲ್ಲ."

ಆಗ ನಾನು ಹೇಳಬೇಕಾದದ್ದನ್ನು ಹೇಳಿದೆ. "ದೊಡ್ಡಮ್ಮ, ನನ್ನ ಕೈಯಿಂದ ಇವರನ್ನ ಅಳೆಯಂಗಿಲ್ಲ. ಸಿಕ್ಕಿದ್ದಕ್ಕೆ ಬಿಳೀದನ್ನ ಹೊಂದಿಸಬೇಕು, ಬಿಳೀದಕ್ಕೆ ಸಿಕ್ಕಿದ್ದನ್ನಲ್ಲ. ಇವರೇ ದೊಡ್ಡಪ್ಪ ಇರಬಹುದು. ನಾವು ಆಚೆ ಹೂತಿದ್ದೇ ತಪ್ಪಿರಬಹುದು."

"ನಿನ್ನ ಹಕ್ಕಿಗೆ ಹೆಂಡ್ತಿ ಇದ್ದಿದ್ರೆ ಅದನ್ನ ಕೇಳ್ಬೋದಿತ್ತು," ಅಂದಳು. "ನಾನಿದೀನಲ್ಲ. ನಾನು ನೋಡಿ ಹೇಳ್ತಿದೀನಿ, ಇವ್ರಲ್ಲ."

ಆದರೆ ಆಕೆಯ ಕೈ ಕೆಳಗಿಳಿದು, ಆ ಕೂತವರ ಮೊಣಕಾಲಿನ ಮೇಲೆ ಉದುರಿದ್ದ ಮಣ್ಣನ್ನು ಒರೆಸುತ್ತಿತ್ತು. ಹಾಗೆ ಒರೆಸುತ್ತಿರುವುದು ಆಕೆಗೆ ಗೊತ್ತಿತ್ತೋ ಇಲ್ಲವೋ. ಇದು ಕಂದು. ಚಿಕ್ಕಪ್ಪನೂ ಕಂಡಿದ್ದಾನೆ.

"ಹಂಗಾರೆ ಇವ್ರನ್ನ ಏನ್ ಮಾಡಾಣ?" ಅಂದ ಚಿಕ್ಕಪ್ಪ.

"ಏನ್ ಮಾಡಾದು? ಯಾರೋ ಪಾಪ, ಕುಂತೋರನ್ನ ಎಬ್ಬಿಸೀವಿ. ಎಬ್ಬಿಸಿದ್ಮ್ಯಾಲೆ ಕೂರಿಸ್ಬೇಕಪ್ಪ. ಅಲ್ಲೇ ಮೇಲ್ಗಡೆ ಕೂರ್ಸಿ." ಹೊಲದ ಎತ್ತರದ ಬದಿಯ ಕಡೆ ಬೆರಳು ಮಾಡಿ, "ಪಕ್ಕ ಅಲ್ಲ. ನಂದು ಬಿಟ್ಟು, ಅದರಾಚೆಗೆ."

ಹಾಗೇ ಆಯಿತು. ಅಯ್ಯನವರು ಮತ್ತೆ ಬಂದರು. ಈಗ ಹೊಲದ ಎತ್ತರದ ಬದಿಯಲ್ಲಿ ಒಂದು ಕಡೆ ನನ್ನ ಅಳತೆಯ ವಿಭೂತಿ ಕೈ, ಇನ್ನೊಂದು ಕಡೆ ಹೆಸರಿಲ್ಲದ ಒಬ್ಬರು, ನಡುವೆ ದೊಡ್ಡಮ್ಮನ ಜಾಗ. ಅವರಿಬ್ಬರಲ್ಲಿ ಯಾರು ದೊಡ್ಡಪ್ಪನಾಗಿದ್ದರೂ ಆಕೆ ಪಕ್ಕದಲ್ಲೇ ಇರುತ್ತಾಳೆ. ಇದನ್ನು ಲೆಕ್ಕ ಹಾಕಿಯೇ ಆಕೆ ಹೇಳಿದಳೇ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ಗಿಡುಗ ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ಕಂದು ಸ್ವಲ್ಪ, ಬಿಳಿ ಬಹಳ. ನೋಡಲು ಬರುವವರು ಗಾಜಿನ ಮೇಲೆ ಕೈಯೂರುತ್ತಾರೆ. ನನಗೆ ಅದು ಸರಿಬೀಳುವುದಿಲ್ಲ. ತೋಳು ಚಾಚಿದ ಹಾಗೆ ಕಾಣುತ್ತದೆ.

ಕಳೆದ ಸಲ ಬಿ.ದುರ್ಗಕ್ಕೆ ಹೋದಾಗ ದೊಡ್ಡಮ್ಮ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಗಿಡ ನೆಟ್ಟರೆ ಎಲ್ಲರೂ ಮರೆಯುತ್ತಾರೆ ಎಂದು ಈ ಸಲ ಕಲ್ಲು ಹಾಕಿಸಿದ್ದಳು. ಒಂದೇ ಕಲ್ಲು, ನಡುವೆ, ತನ್ನ ಜಾಗಕ್ಕೆ. ಎರಡೂ ಪಕ್ಕ ಬರೀ ನೆಲ. ಆಕೆ ಕಲ್ಲಿನ ಮುಂದೆ ಕಾಲು ಮಡಚಿ ಕೂತು, ಎಡ ಅಂಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, "ಮಟ್ಟಗೈತಾ ನೋಡು," ಎಂದಳು. ಗುಡ್ಡದ ಕಡೆಯಿಂದ ಅಲಗಿನ ನೆರಳು ಇಳಿದುಬಂತು. ಒಂದು ಪಕ್ಕ ಹಾಯಿತು, ಆಕೆಯ ಮೇಲೆ ಹಾಯಿತು, ಇನ್ನೊಂದು ಪಕ್ಕ ಹಾಯಿತು. ಕೆಳಗೆ ಯಾರೂ ಇಲ್ಲವೆಂದು ನಾನು ಖಾತ್ರಿಯಾಗಿ ಹೇಳಬಹುದಾದದ್ದು ಆ ಕಲ್ಲಿನಡಿಯ ಜಾಗದ ಬಗ್ಗೆ ಮಾತ್ರ.

"ಮಟ್ಟಗೈತೆ," ಅಂದೆ.